ಸರಾಸರಿ ಎರಡೂವರೆ ಜನ

ನಮ್ಮ ವಿಶ್ವವಿದ್ಯಾಲಯದ ಆಟದ ಮೈದಾನವನ್ನು ಯಾವುದೇ ಹೊತ್ತಿನಲ್ಲಿ ಸರಾಸರಿ ಎರಡೂವರೆ ಜನ ಬಳಸುತ್ತಿರುತ್ತಾರೆ ಎಂದು ಲೆಕ್ಕ ಹಾಕಿ ಕೊಟ್ಟವನು ನಾನೇ. ದಶಮಾಂಶದ ನಂತರ ಎರಡು ಸ್ಥಾನದವರೆಗೂ ಬರೆದಿದ್ದೆ: 2.50. ಆ ಕೊನೆಯ ಸೊನ್ನೆಯ ಬಗ್ಗೆ ನನಗೆ ಆಗ ಸ್ವಲ್ಪ ಹೆಮ್ಮೆಯೂ ಇತ್ತು. ಸಂಖ್ಯಾಶಾಸ್ತ್ರ ಕಲಿಸುವವರ ಪಾಲಿಗೆ ಇಂಥ ಹೆಮ್ಮೆಗಳೇ ಬರುವುದು. ಉಳಿದ ವಿಭಾಗದವರಿಗೆ ವಿದೇಶ ಪ್ರವಾಸ ಬರುತ್ತದೆ.

ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು. ಪ್ರತಿ ವಿದ್ಯಾರ್ಥಿಗೆ ಇಷ್ಟು ಚದರ ಮೀಟರ್ ಬಯಲು ಜಾಗ ಇರಬೇಕು, ಆಟಕ್ಕೆ ಮತ್ತು ಮನರಂಜನೆಗೆ ಇಂತಿಂಥ ಸೌಲಭ್ಯ ಇರಬೇಕು, ಅದಕ್ಕೆ ಹತ್ತು ವರ್ಷದ ಯೋಜನೆ ಮೂರು ತಿಂಗಳೊಳಗೆ ತಯಾರಾಗಬೇಕು ಎಂದು. ಕೂಡಲೇ ಒಂದು ಸಮಿತಿ ಆಯಿತು. ಅಧ್ಯಕ್ಷರು ಕುಲಸಚಿವರು, ಅವರು ಕೊನೆಯ ಸಲ ಓಡಿದ್ದು ಬಸ್ಸು ತಪ್ಪಿದ ದಿನ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಕಟ್ಟಡಗಳ ಪರವಾಗಿ ವಿಶ್ವವಿದ್ಯಾಲಯದ ಇಂಜಿನಿಯರ್. ಅವನು ನನ್ನ ಹೆಂಡತಿಯ ತಮ್ಮ. ಆಟಗಳ ಪರವಾಗಿ ಕ್ರೀಡಾ ನಿರ್ದೇಶಕರು. ಕೊರಳಲ್ಲಿ ಸದಾ ಸೀಟಿ ತೂಗಾಡುತ್ತಿದ್ದುದರಿಂದ ಅವರಿಗೆ ಸೀಟಿ ಮೇಷ್ಟ್ರು ಎಂದೇ ಹೆಸರು, ಆದರೆ ಅದನ್ನು ಊದಿದ್ದನ್ನು ಕೇಳಿದವರಿಲ್ಲ. ನಾನು ಕಾರ್ಯದರ್ಶಿ. ನಡಾವಳಿ ಬರೆಯಲು ಅಕ್ಷರ ಬರುವವನೊಬ್ಬ ಬೇಕಿತ್ತು, ತಪ್ಪಾದರೆ ಹೊರಿಸಲು ಲೆಕ್ಕ ಬರುವವನೊಬ್ಬ ಬೇಕಿತ್ತು, ಇಬ್ಬರೂ ಒಬ್ಬನಲ್ಲೇ ಸಿಕ್ಕಿದ್ದರು.

ಯೋಜನೆ ಮಾಡುವ ಮೊದಲು ಈಗಿರುವ ಜಾಗವನ್ನು ಎಷ್ಟು ಜನ ಬಳಸುತ್ತಾರೆ ಎಂದು ತಿಳಿಯಬೇಕಲ್ಲ? ಅದಕ್ಕೊಂದು ನಮೂನೆ ಬೇಕಾಯಿತು. ಮೂರು ದಿನ ಕೂತು ಮಾಡಿದೆ. ಗಂಡಸರೆಷ್ಟು, ಹೆಂಗಸರೆಷ್ಟು, ನಿಂತವರೆಷ್ಟು, ಕೂತವರೆಷ್ಟು, ಚಲಿಸುತ್ತಿರುವವರೆಷ್ಟು ಎಂದು ಅಂಕಣಗಳು. ಬಿಸಿಲಿಗೊಂದು, ಗಾಳಿಯ ದಿಕ್ಕಿಗೊಂದು. ಎಣಿಸಲು ಕುಲಸಚಿವರ ಕಚೇರಿಯ ಒಬ್ಬ ಗುಮಾಸ್ತನನ್ನು ಕೊಟ್ಟರು. ಅವನ ಕೆಲಸದ ವೇಳೆ ಹತ್ತರಿಂದ ಐದು. ಮೊದಲ ಒಂದು ಗಂಟೆ ಅವನಿಗೆ ಕೂರಲು ಬೇಕಿತ್ತು, ಕೊನೆಯ ಅರ್ಧ ಗಂಟೆ ಏಳಲು. ಒಂದರಿಂದ ಎರಡು ಊಟ, ಮೂರೂವರೆಯಿಂದ ನಾಲ್ಕೂಕಾಲಿನವರೆಗೆ ಟೀ. ಉಳಿದ ಹೊತ್ತಿನಲ್ಲಿ ಆದಷ್ಟು ಸಮಾನ ಅಂತರ ನೋಡಿ ಹನ್ನೊಂದು, ಹನ್ನೆರಡೂವರೆ, ಎರಡೂವರೆ ಎಂದು ಮೂರು ವೇಳೆ ಗೊತ್ತು ಮಾಡಿದೆ. ನಾಲ್ಕು ದಿನ, ದಿನಕ್ಕೆ ಮೂರು ಸಲ, ಒಟ್ಟು ಹನ್ನೆರಡು ಎಣಿಕೆ. ಒಟ್ಟು ಮೂವತ್ತು ಜನ. ಮೂವತ್ತನ್ನು ಹನ್ನೆರಡರಿಂದ ಭಾಗಿಸಿದರೆ ಎರಡೂವರೆ. ಪಕ್ಷಪಾತವಿಲ್ಲದ ಎಣಿಕೆ ಹೇಗಿರಬೇಕು ಎಂದು ಇಪ್ಪತ್ತೆರಡು ವರ್ಷದಿಂದ ತರಗತಿಯಲ್ಲಿ ಪಾಠ ಮಾಡುತ್ತ ಬಂದವನಿಗೆ ಇದರಲ್ಲಿ ಏನೂ ಕಾಣಲಿಲ್ಲ.

ಸಮಿತಿಯಲ್ಲಿ ವರದಿ ಓದಿದಾಗ ಕುಲಸಚಿವರು ಕನ್ನಡಕ ತೆಗೆದರು.

"ಈ ಅರ್ಧ ಯಾರ್ರೀ?"

"ಅದು ಸರಾಸರಿ, ಸರ್."

"ಸರಾಸರಿ ಆದ್ರೂ ಯಾರೋ ಒಬ್ರು ಇರಬೇಕಲ್ಲ. ನಾಳೆ ಮೇಲಿನವರು ಬಂದು ಕೇಳಿದ್ರೆ ನಾನು ಯಾರನ್ನ ತೋರಿಸ್ಲಿ?"

"ಚಿಕ್ಕ ಮಗು ಇರಬಹುದು ಸರ್," ಎಂದ ನನ್ನ ಭಾವಮೈದುನ. ಎಲ್ಲರಿಗೂ ಸಮಾಧಾನವಾಯಿತು. 'ಮಕ್ಕಳೂ ಸೇರಿದಂತೆ' ಎಂದು ನಡಾವಳಿಯಲ್ಲಿ ಬರೆದೆ.

ಆಮೇಲೆ ಅವನು ನಕ್ಷೆ ಬಿಚ್ಚಿದ. ನಮ್ಮ ಆವರಣದ ನಕ್ಷೆಯಲ್ಲಿ ಕಟ್ಟಡಗಳಿಗೆ ಗೀರು ಎಳೆದಿರುತ್ತದೆ, ರಸ್ತೆಗಳಿಗೆ ಚುಕ್ಕೆ ಇಟ್ಟಿರುತ್ತದೆ. ನಡುವೆ ಒಂದು ಬಿಳಿ ಜಾಗ, ಅದರ ಮೇಲೆ 'ಖಾಲಿ' ಎಂದು ಬರೆದಿದೆ. ಅದೇ ಮೈದಾನ.

"ನೋಡಿ ಸರ್, ಎಂಟು ಎಕರೆ ಜಾಗ, ಎರಡೂವರೆ ಜನ. ತಲೆಗೆ ಮೂರು ಎಕರೆ ಮೇಲೆ ಬಿತ್ತು. ಇಷ್ಟು ಆಸ್ತಿ ನಮ್ಮ ಅಪ್ಪನೂ ನೋಡಿರಲಿಲ್ಲ."

ಅಲ್ಲಿ ಅವನು ಕಟ್ಟಬೇಕೆಂದಿದ್ದದ್ದು ಒಂದು ಸಮಗ್ರ ಮನರಂಜನಾ ಸಂಕೀರ್ಣ. ಮೂರು ಅಂತಸ್ತು. ಮೊದಲನೆಯ ಮಹಡಿಯಲ್ಲಿ ನಿಂತಲ್ಲೇ ಓಡುವ ಯಂತ್ರಗಳು, ಅರವತ್ತು. ಯಂತ್ರಗಳ ಎದುರಿನ ಗೋಡೆಯ ಮೇಲೆ, ಓಡುವವರ ಮನಸ್ಸಿಗೆ ಹಿತವಾಗಲೆಂದು, ಗೋಡೆಯಷ್ಟೇ ದೊಡ್ಡದಾದ ಹಸಿರು ಮೈದಾನದ ಚಿತ್ರ. ಚಿತ್ರಕ್ಕೆ ನಮ್ಮ ಮೈದಾನದ್ದೇ ಫೋಟೋ ತೆಗೆಸಿದ್ದ, ಬೆಳಗಿನ ಬೆಳಕಿನಲ್ಲಿ. ಬಹಳ ಚೆನ್ನಾಗಿ ಬಂದಿತ್ತು.

"ಹಾಗಾದ್ರೆ ಬಯಲು ಜಾಗದ ಲೆಕ್ಕ?" ಎಂದೆ. "ಮೈದಾನ ಹೋದ್ರೆ ಚದರ ಮೀಟರ್ ಕಮ್ಮಿ ಬೀಳತ್ತಲ್ಲ?"

"ಬಯಲು ಅಂದ್ರೇನು ಭಾವ? ತಲೆ ಎತ್ತಿದ್ರೆ ಆಕಾಶ ಕಾಣಬೇಕು, ಅಷ್ಟೆ ತಾನೆ? ಕಾರು ನಿಲ್ಲಿಸೋ ಜಾಗ ಸೇರಿಸಿದೀನಿ, ತಾರಸಿಗಳು ಸೇರಿಸಿದೀನಿ, ರಸ್ತೆ ಮಧ್ಯದ ಹೂವಿನ ಕಟ್ಟೆಗಳು ಸೇರಿಸಿದೀನಿ. ಇನ್ನೂ ಇನ್ನೂರು ಚದರ ಮೀಟರ್ ಹೆಚ್ಚೇ ಇದೆ."

ಸಭೆಯಲ್ಲಿ ನನ್ನನ್ನು ಭಾವ ಎನ್ನಬೇಡ ಎಂದು ಎಷ್ಟೋ ಸಲ ಹೇಳಿದ್ದೆ. ಸೀಟಿ ಮೇಷ್ಟ್ರು ಸೀಟಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಅವರೂ ಕೊಡಲಿಲ್ಲ. ಯೋಜನೆಯ ಕರಡು ಸೂಚನಾ ಫಲಕಕ್ಕೆ ಏರಿತು, ಆಕ್ಷೇಪಣೆಗಳಿದ್ದರೆ ಹದಿನೈದು ದಿನದೊಳಗೆ ತಿಳಿಸತಕ್ಕದ್ದು ಎಂಬ ಒಕ್ಕಣೆಯೊಂದಿಗೆ.

ಆಕ್ಷೇಪಣೆ ಮೂರನೆಯ ದಿನ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಿತು.

ಮೈದಾನ ನೋಡಿಕೊಳ್ಳುವವನನ್ನು ಎಲ್ಲರೂ ಸುಣ್ಣಪ್ಪ ಎನ್ನುತ್ತಿದ್ದರು. ಯಾವುದೋ ಕಾಲದ ವಿದ್ಯಾರ್ಥಿಗಳು ಇಟ್ಟ ಹೆಸರು. ಪ್ರತಿ ಶನಿವಾರ ಓಟದ ಹಾದಿಗೂ ಆಟದ ಅಂಕಣಗಳಿಗೂ ಸುಣ್ಣದ ಗೆರೆ ಎಳೆಯುವುದು ಅವನ ಕೆಲಸ. ಮೂವತ್ತೊಂದು ವರ್ಷ ಎಳೆದು ಎಳೆದು ಕೈ ಮಣಿಕಟ್ಟಿನವರೆಗೆ ಬೆಳ್ಳಗಾಗಿ, ಬಿಳಿ ಕೈಗವಸು ತೊಟ್ಟವನಂತೆ ಕಾಣುತ್ತಿದ್ದ.

"ಬಾ, ಕೂತ್ಕೋ," ಎಂದೆ.

"ಬೇಡಿ ಸರ್. ಒಳಗೆ ಬಂದ್ರೆ ನಿಮ್ಮ ನೆಲ ಬೆಳ್ಳಗಾಗತ್ತೆ. ಒಂದೇ ಮಾತು ಕೇಳ್ಬೇಕಿತ್ತು. ಈ ಎರಡೂವರೆಯಲ್ಲಿ ನಾನೂ ಇದೀನಾ?"

ಗುಮಾಸ್ತನನ್ನು ಕರೆಸಿದೆ. ಅವನು ಹನ್ನೆರಡು ನಮೂನೆಗಳನ್ನೂ ಹಿಡಿದು ಬಂದ.

"ಇವನನ್ನ ಎಣಿಸಿದೀಯಾ?"

"ಎಣಿಸದೆ ಇರ್ತೀನಾ ಸರ್? ಹನ್ನೆರಡು ಸಲಾನೂ ಅಲ್ಲೇ ಇದ್ದ."

"ಅವನು ಕೆಲಸ ಮಾಡೋನಪ್ಪ, ಆಡೋನಲ್ಲ. ಸರಿ, ಹನ್ನೆರಡು ಹೋಯ್ತು. ಉಳಿದ ಹದಿನೆಂಟು ಯಾರು?"

"ಆರು ಜನ ಕ್ಯಾಂಟೀನಿಗೆ ಅಡ್ಡದಾರಿ ಹಿಡಿದು ಹೋಗ್ತಿದ್ದೋರು."

"ಇನ್ನು ಹನ್ನೆರಡು?"

ಗುಮಾಸ್ತ ನೇರವಾಗಿ ನಿಂತ. "ನಾನು ಸರ್. 'ಮೈದಾನದಲ್ಲಿ ಹಾಜರಿರುವ ವ್ಯಕ್ತಿಗಳು' ಅಂತ ನೀವೇ ಬರೆದಿದ್ರಿ. ಹಾಜರಿದ್ದೆ."

ಸುಣ್ಣಪ್ಪ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

"ನನಗೆ ಆ ಕಟ್ಟಡದಲ್ಲಿ ಬೂಟಿನ ಕೌಂಟರು ಕೊಡ್ತಾರಂತೆ ಸರ್. ಬಂದೋರ ಬೂಟು ಇಸ್ಕೊಂಡು ಚೀಟಿ ಕೊಡೋದು. ರಿಟೈರಾಗೋಕೆ ಇನ್ನು ಮೂರು ವರ್ಷ. ಇಷ್ಟು ವರ್ಷ ಓಡೋ ಕಾಲು ನೋಡ್ಕೊಂಡು ಬಂದೆ. ಇನ್ನು ಕಾಲಿಲ್ಲದ ಬೂಟು ನೋಡ್ಕೊಂಡು ಕೂರಬೇಕಾ?" ಎಂದ. ಆಮೇಲೆ, "ಒಂದು ದಿನ ಬೆಳಿಗ್ಗೆ ಐದೂವರೆಗೆ ಬನ್ನಿ. ಪೆನ್ನು ಜಾಸ್ತಿ ತನ್ನಿ," ಎಂದು ಹೊರಟು ಹೋದ. ಬಾಗಿಲಿನ ಚೌಕಟ್ಟಿನ ಮೇಲೆ ಅವನ ನಾಲ್ಕು ಬೆರಳಿನ ಬಿಳಿ ಗುರುತು ಉಳಿಯಿತು.

ಆ ಭಾನುವಾರ ಭಾವಮೈದುನ ಮನೆಗೆ ಬಂದಿದ್ದ. ಅಕ್ಕನ ಮನೆಯಲ್ಲಿ ಅವನಿಗೆ ಗೋಡೆಗೊರಗಿದ ದೊಡ್ಡ ಕುರ್ಚಿಯೇ ಆಗಬೇಕು. ಅವನ ರಕ್ತದಲ್ಲಿ ಸಕ್ಕರೆ ಏರಿದೆ, ದಿನಕ್ಕೆ ನಲವತ್ತು ನಿಮಿಷ ನಡೆಯಲೇಬೇಕು ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು.

"ನಡೀತಿದೀಯೇನೋ?" ಎಂದು ಹೆಂಡತಿ ಕೇಳಿದಳು.

"ಕಟ್ಟಡ ಏಳಲಿ ಅಕ್ಕ. ಅರವತ್ತು ಯಂತ್ರ ಬರತ್ತೆ. ಒಂದು ನನಗೇ ಅಂತ ಇಟ್ಕೋತೀನಿ."

"ಅದು ಏಳೋ ಹೊತ್ತಿಗೆ ನೀನು ಮಲಗಿರ್ತೀಯ." ಅವಳು ಟೀ ಲೋಟ ಕುಕ್ಕಿದಳು, ಅವನದಕ್ಕೆ ಸಕ್ಕರೆ ಹಾಕಿರಲಿಲ್ಲ. "ಅದಿರಲಿ, ನಿಮ್ಮಿಬ್ಬರಲ್ಲಿ ಯಾರಾದ್ರೂ ಆ ಮೈದಾನಕ್ಕೆ ಒಂದು ದಿನ ಕಾಲಿಟ್ಟಿದೀರೇನ್ರೀ? ನಮ್ಮ ಸ್ಕೂಲಿನ ಟೀಚರ್‌ಗಳು ಅರ್ಧಕ್ಕರ್ಧ ಜನ ದಿನಾ ಬೆಳಿಗ್ಗೆ ಅಲ್ಲೇ ಸುತ್ತು ಹಾಕ್ತಾರೆ."

"ನೀನ್ಯಾಕೆ ಮೊದಲೇ ಹೇಳ್ಲಿಲ್ಲ?"

"ಎಣಿಸೋರು ನೀವು. ನನ್ನನ್ನ ಕೇಳೋಕೆ ನಿಮ್ಮ ನಮೂನೆಯಲ್ಲಿ ಅಂಕಣ ಇತ್ತಾ?"

ಮಾರನೆಯ ದಿನ ಬೆಳಿಗ್ಗೆ ಐದೂ ಇಪ್ಪತ್ತಕ್ಕೆ ಮೈದಾನದ ಮೂಲೆಯಲ್ಲಿ ನಿಂತೆ. ಐದೂವರೆಗೆ ಆರು ಜನ ಇದ್ದರು. ಆರಕ್ಕೆ ಎಣಿಸುವ ಕೈ ಸೋತಿತು.

ವಿದ್ಯಾರ್ಥಿನಿಲಯದ ಹುಡುಗಿಯರು ಸುತ್ತಿನ ಮೇಲೆ ಸುತ್ತು ಓಡುತ್ತಿದ್ದರು. ಭೌತಶಾಸ್ತ್ರದ ಇಬ್ಬರು ಪ್ರಾಧ್ಯಾಪಕರು, ಹನ್ನೆರಡು ವರ್ಷದಿಂದ ಮಾತು ಬಿಟ್ಟವರು, ಮುಖ ನೋಡಬಾರದೆಂದು ಎದುರುಬದುರು ದಿಕ್ಕಿನಲ್ಲಿ ನಡೆಯುತ್ತ, ಅದರಿಂದಲೇ ಪ್ರತಿ ಸುತ್ತಿಗೆ ಎರಡು ಸಲ ಮುಖ ನೋಡುತ್ತಿದ್ದರು. ಗ್ರಂಥಾಲಯದಲ್ಲಿ ಹಾಳೆ ಮಗುಚಿದರೂ ಹುಬ್ಬು ಗಂಟಿಕ್ಕುವ ಗ್ರಂಥಪಾಲಕರು ಫುಟ್‌ಬಾಲ್ ಅಂಕಣದ ನಡುವೆ ನಿಂತು, "ಲೋ, ಈ ಕಡೆ ಒದೆಯೋ, ಕಣ್ಣು ಎಲ್ಲಿಟ್ಟಿದೀಯೋ!" ಎಂದು ಗಂಟಲು ಹರಿಯುವಂತೆ ಅರಚುತ್ತಿದ್ದರು. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡ ಮುದುಕಿಯೊಬ್ಬಳು ಹುಲ್ಲಿನ ಮೇಲೆ ಬರಿಗಾಲಲ್ಲಿ ಹತ್ತು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆ ಹತ್ತು ಹೆಜ್ಜೆ. ರಾತ್ರಿಪಾಳಿ ಮುಗಿಸಿದ ಕಾವಲುಗಾರರು ಕಬ್ಬಿಣದ ಕಂಬಿಗೆ ಜೋತುಬಿದ್ದಿದ್ದರು. ಇವರೆಲ್ಲರ ಕಾಲ ಕೆಳಗೆ ಸುಣ್ಣಪ್ಪನ ಗೆರೆಗಳು, ಬೆಳಕು ಹರಿಯುವ ಮೊದಲೇ ಕಾಣುವಷ್ಟು ಬಿಳುಪಾಗಿ. ಯಾರೂ ಗೆರೆ ನೋಡುತ್ತಿರಲಿಲ್ಲ, ಆದರೆ ಯಾರೂ ದಾಟುತ್ತಿರಲಿಲ್ಲ.

ಎಂಟು ಗಂಟೆಗೆ ನನ್ನ ಲೆಕ್ಕ ನಾನೂರ ಹನ್ನೆರಡು. ಸಂಜೆಯದು ಬೇರೆ.

"ಮೂರೂ ಮುಕ್ಕಾಲಿಗೂ ಬನ್ನಿ," ಎಂದಿದ್ದ ಸುಣ್ಣಪ್ಪ. ಹೋದೆ. ವಿದ್ಯಾರ್ಥಿನಿಲಯದ ಅಡುಗೆಮನೆಯ ಹೆಂಗಸರು ಸೊಂಟಕ್ಕೆ ಸೆರಗು ಬಿಗಿದು ಥ್ರೋಬಾಲ್ ಆಡುತ್ತಿದ್ದರು. ಅವರ ನಾಯಕಿ ದೊಡ್ಡಕ್ಕ, ಒಬ್ಬಳೇ ದೊಡ್ಡ ಹಂಡೆ ಇಳಿಸುವಂಥ ತೋಳು, ಚೆಂಡನ್ನು ಬಲೆಯ ಆಚೆಗೆ ಬೀಸಿ ನನ್ನ ಕಡೆ ತಿರುಗಿದಳು.

"ಏನ್ ಸರ್, ಎಣಿಸೋಕೆ ಬಂದ್ರಾ? ಹನ್ನೊಂದು ಅಂತ ಬರ್ಕೊಳ್ಳಿ. ಹನ್ನೆರಡನೇಯೋಳು ಒಲೆ ಕಾಯ್ತಿದಾಳೆ."

"ದಿನಾ ಆಡ್ತೀರಾ?"

"ಮಧ್ಯಾಹ್ನದ ಪಾತ್ರೆ ಮುಗಿದು ರಾತ್ರಿಯ ತರಕಾರಿ ಶುರುವಾಗೋ ಮುಂಚೆ ಅರ್ಧ ಗಂಟೆ ನಮ್ದು. ಆ ಅರ್ಧ ಗಂಟೆ 'ಅಕ್ಕ, ಇನ್ನೊಂದು ಚೂರು ಹಾಕಿ' ಅಂತ ಯಾರೂ ತಟ್ಟೆ ಮುಂದೆ ಹಿಡಿಯಲ್ಲ. ಅದಕ್ಕೋಸ್ಕರ ಬರ್ತೀವಿ. ಲೇ, ಗೆರೆ ಆಚೆ ಬಿತ್ತು ಕಣೇ! ಕಣ್ಣು ಕಾಣ್ಸಲ್ವಾ? ಸುಣ್ಣ ಹಾಕಿರೋದು ಯಾತಕ್ಕೆ?"

ಸರಿಯಾಗಿ ಗುಮಾಸ್ತ ಟೀ ಕುಡಿಯುವ ಹೊತ್ತು.

ಎರಡು ವಾರ ಎಣಿಸಿದೆ. ಹೊಸ ವರದಿಗೆ ಮೂವತ್ತು ಪುಟ ಆಯಿತು. ಮೊದಲ ಪುಟದಲ್ಲೇ ನನ್ನ ತಪ್ಪು ಒಪ್ಪಿಕೊಂಡೆ: ಕಚೇರಿ ತೆರೆದಿರುವ ಹೊತ್ತಿನಲ್ಲಿ ಮೈದಾನ ಖಾಲಿ ಇರುತ್ತದೆ ಎಂಬುದರಿಂದ ಮೈದಾನ ಖಾಲಿ ಇರುತ್ತದೆ ಎಂದು ತೀರ್ಮಾನಿಸಿದ್ದು ತಪ್ಪು, ಎಂದು. ಇದನ್ನು ಓದಿದ ಕೂಡಲೇ ಸಂಕೀರ್ಣದ ಯೋಜನೆ ನಿಲ್ಲುತ್ತದೆ ಎಂದು ನನಗೆ ಖಚಿತವಿತ್ತು. ಅದು ನಿಂತಿತು ಕೂಡ. ಅಲ್ಲಿಯವರೆಗೆ ನನ್ನ ಲೆಕ್ಕ ಸರಿಯಾಗಿತ್ತು.

"ನಾನೂರ ಹನ್ನೆರಡು!" ಕುಲಸಚಿವರ ಮುಖ ಬಿಳಿಚಿತು. "ದಿನಾ ಬೆಳಿಗ್ಗೆ? ಯಾರ ಅನುಮತಿ ತಗೊಂಡು?"

"ಅನುಮತಿ… ಮೈದಾನ ಸರ್ ಅದು."

"ಮೈದಾನ ಯಾರದ್ರೀ? ನಮ್ದು. ನಾವು ಮಲಗಿರೋ ಹೊತ್ತಲ್ಲಿ ನಾನೂರು ಜನ ನಮ್ಮ ಆಸ್ತಿ ಒಳಗೆ ಓಡಾಡ್ತಾರೆ ಅಂತ ಮೂವತ್ತು ಪುಟ ಬರೆದು ಕೊಟ್ಟಿದೀರಿ. ಇದು ಅತಿಕ್ರಮಣ ಅಲ್ದೆ ಇನ್ನೇನು? ಅದರಲ್ಲಿ ಒಬ್ಬ ಬಿದ್ದು ಕಾಲು ಮುರ್ಕೊಂಡ ಅಂದ್ರೆ ಸಹಿ ಹಾಕಿರೋನು ಯಾರು? ನಾನು."

ಮೂವತ್ತೊಂದು ವರ್ಷದಲ್ಲಿ ಒಬ್ಬರೂ ಕಾಲು ಮುರಿದುಕೊಂಡಿಲ್ಲ ಎಂದೆ. ಹಾಗಾದರೆ ಮುರಿಯುವ ಸಂಭವ ದಿನದಿಂದ ದಿನಕ್ಕೆ ಹೆಚ್ಚುತ್ತಿದೆ ಎಂದರು. ಸಂಭವನೀಯತೆಯ ಬಗ್ಗೆ ಅವರಿಗೆ ಪಾಠ ಮಾಡಲು ಅದು ಸಮಯವಾಗಿರಲಿಲ್ಲ.

ಭಾವಮೈದುನ ಆಗಲೇ ಪೆನ್ಸಿಲ್ ಆಡಿಸುತ್ತಿದ್ದ. ಅವನನ್ನು ಬೈದು ಪ್ರಯೋಜನವಿಲ್ಲ. ಖಾಲಿ ಕಾಗದ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. "ನಾನೂರು ಜನಕ್ಕೆ ಅರವತ್ತು ಯಂತ್ರ ಸಾಲಲ್ಲ ಸರ್. ಜಗಳ ಆಗತ್ತೆ. ಅದರ ಬದಲು ಇದನ್ನ 'ಸಂರಕ್ಷಿತ ಹಸಿರು ವಲಯ' ಅಂತ ಮಾಡೋಣ. ಬಯಲು ಜಾಗದ ಲೆಕ್ಕದಲ್ಲಿ ಸಂರಕ್ಷಿತ ಆದ್ರೆ ಒಂದು ಚದರ ಮೀಟರಿಗೆ ಎರಡು ಅಂತ ಹಿಡೀತಾರೆ. ಸುತ್ತ ಬೇಲಿ, ಒಂದು ಗೇಟು. ಒಳಗೆ ಯಾರೂ ಹೋಗೋ ಹಾಗಿಲ್ಲ. ಹೊರಗೆ ಬೆಂಚು ಹಾಕ್ಸೋಣ, ಕೂತು ನೋಡ್ಲಿ."

"ಏನನ್ನ ನೋಡೋದು?" ಎಂದೆ.

"ಹುಲ್ಲು, ಭಾವ."

ಸೀಟಿ ಮೇಷ್ಟ್ರು ಮೊದಲ ಬಾರಿಗೆ ಬಾಯಿ ತೆರೆದರು. "ಬೆಂಚಿಗೆ ನೆರಳು ಬೇಕು," ಎಂದರು. ಅದೂ ಮಂಜೂರಾಯಿತು.

ಒಂದೂವರೆ ತಿಂಗಳಿನಲ್ಲಿ ಬೇಲಿ ಎದ್ದಿತು. ಗೇಟಿನ ಪಕ್ಕದಲ್ಲಿ ಫಲಕ: ಸಂರಕ್ಷಿತ ಹಸಿರು ವಲಯ. ವೀಕ್ಷಣೆಯ ವೇಳೆ ಬೆಳಿಗ್ಗೆ 10ರಿಂದ ಸಂಜೆ 5. ಓಡಬಾರದು. ಆಡಬಾರದು. ಹುಲ್ಲಿನ ಮೇಲೆ ಕಾಲಿಡಬಾರದು. ಬೂಟಿನ ಕೌಂಟರು ತಪ್ಪಿದ ಸುಣ್ಣಪ್ಪನಿಗೆ ಹಸಿರು ವಲಯ ಪಾಲಕ ಎಂಬ ಹೊಸ ಹುದ್ದೆ, ಹಸಿರು ಸಮವಸ್ತ್ರ, ಒಂದು ಬೀಗ, ಒಂದು ಕೀಲಿ. ಕೈಯಲ್ಲಿ ಸುಣ್ಣದ ಡಬ್ಬಿಯ ಬದಲು ಸೀಟಿ. ಯಾರಾದರೂ ಒಳಗೆ ಕಾಲಿಟ್ಟರೆ ಊದಬೇಕು. ಮೂರು ದಶಕ ಜನರನ್ನು ಗೆರೆಯೊಳಗೆ ಕರೆದವನಿಗೆ ಇನ್ನು ಮೂರು ವರ್ಷ ಹೊರಗೆ ಅಟ್ಟುವ ಕೆಲಸ. ಅದನ್ನು ಸಾಧಿಸಿ ಕೊಟ್ಟವನು ನಾನು, ಮೂವತ್ತು ಪುಟಗಳಲ್ಲಿ, ಅನುಬಂಧ ಸಮೇತ.

ಮೂರು ದಿನ ಅವನಿಗೆ ಮುಖ ತೋರಿಸಲಿಲ್ಲ. ನಾಲ್ಕನೆಯ ದಿನ ಅವನೇ ಬಂದ. ಈ ಸಲ ನೇರ ಒಳಗೆ ಬಂದು ಕುರ್ಚಿಯ ಮೇಲೆ ಕೂತ. ಕೈ ನೋಡಿದೆ. ಸಾಮಾನ್ಯ ಮನುಷ್ಯನ ಕೈಯ ಬಣ್ಣವಿತ್ತು. ನೋಡಲಾಗಲಿಲ್ಲ.

"ಆರ್ಡರ್ ಬಂತು ಸರ್. ಕನ್ನಡಕ ತಂದಿಲ್ಲ, ಸ್ವಲ್ಪ ಓದಿ ಹೇಳಿ."

ಆದೇಶದ ಕರಡು ನನ್ನದೇ. ಓದಿದೆ. "'ಸದರಿ ಪಾಲಕರು ಕಚೇರಿ ವೇಳೆಯಲ್ಲಿ ಗೇಟಿನ ಬಳಿ ಹಾಜರಿದ್ದು, ಸದರಿ ವೇಳೆಯಲ್ಲಿ ಯಾರೂ ವಲಯದೊಳಗೆ ಪ್ರವೇಶಿಸದಂತೆ ನೋಡಿಕೊಳ್ಳತಕ್ಕದ್ದು.'"

"ಕಚೇರಿ ವೇಳೆ ಅಂದ್ರೆ?"

"ಹತ್ತರಿಂದ ಐದು. ನಡುವೆ ಊಟ, ಟೀ."

"ಹತ್ತರ ಮುಂಚೆ ಏನು ಮಾಡತಕ್ಕದ್ದು ಅಂತಿದೆ?"

"ಏನೂ ಇಲ್ಲ."

"ಐದರ ಮೇಲೆ?"

"ಅದೂ ಇಲ್ಲ."

"ನಾನು ಟೀಗೆ ಹೋದಾಗ?"

ನಾನು ಕಾಗದ ಕೆಳಗಿಟ್ಟೆ. ಕಚೇರಿ ಮುಚ್ಚಿದ ಮೇಲೆ ಲೋಕ ಇರುವುದಿಲ್ಲ ಎಂಬ ನನ್ನ ಹಳೆಯ ನಂಬಿಕೆ ಆದೇಶದಲ್ಲೂ ನುಸುಳಿತ್ತು. ಕುಲಸಚಿವರೂ ಅದನ್ನೇ ನಂಬಿ ಸಹಿ ಹಾಕಿದ್ದರು.

"ಬೀಗ ಹೊಸದು ಸರ್. ಹೊಸ ಬೀಗ ಒಂದೊಂದು ಸಲ ಸರಿಯಾಗಿ ಕೂರಲ್ಲ," ಎಂದ ಸುಣ್ಣಪ್ಪ, ಕಿಟಕಿಯ ಹೊರಗೆ ನೋಡುತ್ತ.

"ನಾನು ಸಮಿತಿಯ ಕಾರ್ಯದರ್ಶಿ ಕಣಯ್ಯ. ಇದೆಲ್ಲ ನನ್ನ ಕಿವಿಗೆ ಬೀಳಬಾರದು."

"ಬಿದ್ದಿಲ್ಲ ಬಿಡಿ. ಆದ್ರೆ ಒಂದು ತೊಂದರೆ ಇದೆ. ಜನ ಬಂದು ಹೋದ್ರೆ ಗುರುತು ಉಳಿಯಲ್ಲ, ಹುಲ್ಲು ಎದ್ದು ನಿಲ್ಲತ್ತೆ. ಸುಣ್ಣ ಹಾಕಿದ್ರೆ ಹಗಲೆಲ್ಲ ಕಾಣ್ಸತ್ತೆ. ಗೆರೆ ಇಲ್ದೆ ಹುಡುಗಿಯರು ತಿರುವಿನಲ್ಲಿ ಅಡ್ಡಾದಿಡ್ಡಿ ಓಡ್ತಿದಾರೆ, ಎಷ್ಟು ಟೈಮ್ ತಗೊಂಡ್ರು ಅಂತ ಯಾರಿಗೂ ಗೊತ್ತಾಗ್ತಿಲ್ಲ. ಅಡುಗೆಮನೆಯೋರು ಚಪ್ಪಲಿ ಇಟ್ಕೊಂಡು ಆಡ್ತಾರೆ. ನಿನ್ನೆ ದೊಡ್ಡಕ್ಕ ಚಪ್ಪಲಿ ಸರಿಸಿದ್ಲು ಅಂತ ಹೊಡೆದಾಟಕ್ಕೇ ಬಂತು. ಕಂಡೂ ಕಾಣದ ಹಾಗೆ ಗೆರೆ ಹಾಕೋಕೆ ನಿಮ್ಮ ಶಾಸ್ತ್ರದಲ್ಲಿ ಏನಾದ್ರೂ ಇದೆಯಾ?"

ಶಾಸ್ತ್ರದಲ್ಲಿರಲಿಲ್ಲ. ಕ್ಯಾಂಟೀನಿನಲ್ಲಿತ್ತು. ಸೋಡಾ ಬಾಟಲಿಯ ಮುಚ್ಚಳಗಳು, ಒಂದು ಚೀಲ. ಮುಚ್ಚಳದ ನಡುವೆ ಉದ್ದ ಮೊಳೆ ಹೊಡೆದು ನೆಲದ ಮಟ್ಟಕ್ಕೆ ಕೂರಿಸಿದರೆ ಕಾಲಿಗೆ ತಾಗುವುದಿಲ್ಲ. ಹತ್ತಿರ ಬಂದವರಿಗೆ ಮಿನುಗುತ್ತದೆ, ಬೇಲಿಯ ಆಚೆಯಿಂದ ಹುಲ್ಲೊಂದೇ ಕಾಣುತ್ತದೆ.

ಹೀಗೆ ಒಂದು ಬೆಳಿಗ್ಗೆ ಐದು ಗಂಟೆಗೆ ನಾನು ಟೇಪು, ಹಗ್ಗ, ಲೆಕ್ಕದ ಹಾಳೆ ಹಿಡಿದು ಸಂರಕ್ಷಿತ ಹಸಿರು ವಲಯದೊಳಗೆ ಮಂಡಿಯೂರಿದ್ದೆ. ನೇರ ಭಾಗ ಎರಡು, ಅರ್ಧವೃತ್ತ ಎರಡು. ಹಳೆಯ ಸುಣ್ಣದ ಗುರುತು ಹುಲ್ಲಿನ ಬುಡದಲ್ಲಿ ಇನ್ನೂ ಮಸುಕಾಗಿ ಉಳಿದಿತ್ತು. ಅದನ್ನೂ ಅಳೆದು ನೋಡಿದೆ, ಚಟ ಬಿಡಬೇಕಲ್ಲ.

"ನಿನ್ನ ಸುತ್ತು ನಾನೂರು ಮೀಟರ್ ಇಲ್ಲ ಕಣಯ್ಯ. ಹನ್ನೊಂದು ಸೆಂಟಿಮೀಟರ್ ಕಮ್ಮಿ."

ಸುಣ್ಣಪ್ಪ ಮೊಳೆಯ ಮೇಲೆ ಸುತ್ತಿಗೆ ಎತ್ತಿದವನು ಹಾಗೇ ನಿಂತ. "ಮೂವತ್ತೊಂದು ವರ್ಷಕ್ಕೆ ಹನ್ನೊಂದು ಸೆಂಟಿಮೀಟರ್ ಸರ್. ನೀವು ನಾಲ್ಕೇ ದಿನದಲ್ಲಿ ನಾನೂರು ಜನಾನ ಕಳೆದ್ರಿ."

ಮುಂದಿನ ಮುಚ್ಚಳ ಕೊಟ್ಟೆ.

ಎರಡನೆಯ ತಿರುವಿಗೆ ಬರುವ ಹೊತ್ತಿಗೆ ಗೇಟು ಕಿರುಗುಟ್ಟಿತು. ಜನ ಬರತೊಡಗಿದ್ದರು. ಅವರ ನಡುವೆ ಒಂದು ದಪ್ಪ ಆಕೃತಿ, ತಲೆಗೆ ಟೋಪಿ, ಕೊರಳಿಗೆ ಟವೆಲು, ಏದುಸಿರು ಬಿಡುತ್ತ ನನ್ನತ್ತಲೇ ಬಂದು ಗಕ್ಕನೆ ನಿಂತಿತು.

"ಭಾವ?"

"ಹೂಂ."

"ನೀವು ಇಲ್ಲಿ…"

"ನೀನು ಇಲ್ಲಿ?"

ನನ್ನ ಭಾವಮೈದುನ ತಾನೇ ಕಟ್ಟಿಸಿದ ಬೇಲಿಯನ್ನೊಮ್ಮೆ ನೋಡಿದ, ನನ್ನ ಕೈಯ ಟೇಪನ್ನೊಮ್ಮೆ ನೋಡಿದ. "ಡಾಕ್ಟರು… ಇನ್ಸುಲಿನ್ ಅಂತ ಹೆದರಿಸಿದಾರೆ. ರಸ್ತೆ ಮೇಲೆ ನಾಯಿಗಳು. ಇಲ್ಲಿ ಬೇಲಿ ಇರೋದ್ರಿಂದ ನಾಯಿ ಬರಲ್ಲ." ಆಮೇಲೆ ದನಿ ತಗ್ಗಿಸಿ, "ಅಕ್ಕನಿಗೆ ಹೇಳ್ಬೇಡಿ. ಗೆದ್ದೆ ಅಂದ್ಕೋತಾಳೆ."

"ಒಳಗಡೆ ಗೆರೆ ಹಿಡಿದು ನಡೀರಿ ಸಾರ್," ಎಂದ ಸುಣ್ಣಪ್ಪ ತುಂಬ ವಿನಯದಿಂದ. "ಹೊರಗಿನ ಗೆರೆ ಓಡೋ ಹುಡುಗಿಯರಿಗೆ. ಮಧ್ಯೆ ನಿಂತ್ರೆ ಗುದ್ದಿಬಿಡ್ತಾರೆ."

ಭಾವಮೈದುನ ಮುಚ್ಚಳಗಳನ್ನು ಹುಡುಕಿ ಹುಡುಕಿ ಹೆಜ್ಜೆ ಇಡುತ್ತ ಹೋದ. ಮೊದಲ ಸುತ್ತಿನಲ್ಲೇ ಪಟ್ಟಿ ಕಟ್ಟಿದ ಮೊಣಕಾಲಿನ ಮುದುಕಿ ಅವನನ್ನು ಹಿಂದಕ್ಕೆ ಹಾಕಿದಳು.

ವರ್ಷದ ಕೊನೆಗೆ ಯೋಜನೆಯ ಪ್ರಗತಿ ನೋಡಲು ಮತ್ತೆ ಎಣಿಕೆ ಆಗಬೇಕಿತ್ತು. ನಮೂನೆ ಬದಲಾಯಿಸಬೇಕೇ ಎಂದು ಗುಮಾಸ್ತ ಕೇಳಿದ. ಇಪ್ಪತ್ತಮೂರು ವರ್ಷ ಪಾಠ ಮಾಡಿದ ಎಲ್ಲವನ್ನೂ ಒಮ್ಮೆ ನೆನೆಸಿಕೊಂಡೆ. ನಮೂನೆ ಚೆನ್ನಾಗಿದೆ, ವೇಳೆಯೂ ಅದೇ ಇರಲಿ, ಎಂದೆ. ಹನ್ನೊಂದು, ಹನ್ನೆರಡೂವರೆ, ಎರಡೂವರೆ. ಬೇಲಿ ಬಂದ ಮೇಲೆ ಕ್ಯಾಂಟೀನಿನ ಅಡ್ಡದಾರಿ ಮುಚ್ಚಿಹೋಗಿತ್ತು. ಗೇಟಿನಲ್ಲಿ ಸುಣ್ಣಪ್ಪ ಹನ್ನೆರಡು ಸಲವೂ ಇದ್ದ. ಗುಮಾಸ್ತನೂ ಹಾಜರಿದ್ದ, ಎಣಿಸಲು ಒಳಗೆ ಹೋಗಲು ಅವನಿಗೆ ಲಿಖಿತ ಅನುಮತಿ ಇತ್ತು. ಇಪ್ಪತ್ತನಾಲ್ಕನ್ನು ಹನ್ನೆರಡರಿಂದ ಭಾಗಿಸಿ, ಸಭೆಯಲ್ಲಿ ಗಟ್ಟಿಯಾಗಿ ಓದಿದೆ: 2.00.

ಕುಲಸಚಿವರ ಮುಖ ಅರಳಿತು. "ನೋಡಿದ್ರಾ, ಆ ಅರ್ಧವೂ ಹೋಯ್ತು! ಬರೀ ಒಂದು ವರ್ಷದಲ್ಲಿ. ಮುಂದಿನ ವರ್ಷ ಇದನ್ನ ಸೊನ್ನೆಗೆ ತರಬೇಕು. ಬರ್ಕೊಳ್ಳಿ."

ಬರೆದುಕೊಂಡೆ. ಪಕ್ಕದಲ್ಲಿ ಭಾವಮೈದುನ ಗಂಭೀರವಾಗಿ ತಲೆಯಾಡಿಸುತ್ತ, ಮೇಜಿನ ಕೆಳಗೆ, ಎಡಗಾಲಿನ ಬೂಟಿಗೆ ಅಂಟಿದ ಹಸಿ ಹುಲ್ಲನ್ನು ಬಲಗಾಲಿನಿಂದ ಕೆರೆದು ಹಾಕುತ್ತಿದ್ದ.